ಚೌಕಾಸಿ ಹಕ್ಕು ಕಿತ್ತುಕೊಂಡರೆ ಬೇಡಿಕೆ ಹೋಗುತ್ತದೆಯೇ?

ಓದುಗರೊಬ್ಬರ ಪತ್ರದ ಸಾರ: "ಅಮೆರಿಕದ ರಾಜ್ಯಗಳಲ್ಲಿ ಸರ್ಕಾರಿ ನೌಕರರ ಯೂನಿಯನ್‌ಗಳ ಪರವಾಗಿ ನೀವು ಬರೆಯುತ್ತೀರಿ. ಆ ನೌಕರರಿಗೆ ಸಂಬಳ ಕೊಡುವುದು ಜನರ ತೆರಿಗೆ ಹಣ. ಅದೇ ಜನ ಆರಿಸಿದ ಸರ್ಕಾರದ ಎದುರು ಕೂತು ಚೌಕಾಸಿ ಮಾಡುವ ಹಕ್ಕು ಅವರಿಗೆ ಯಾಕೆ ಬೇಕು? ವಿಸ್ಕಾನ್ಸಿನ್ 2011ರಲ್ಲಿ ಅದನ್ನು ಮೊಟಕು ಮಾಡಿ ಹಣ ಉಳಿಸಿತು. ತಪ್ಪೇನು?"

ಮಿತ್ರರೇ,

ನಿಮ್ಮ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಕಾರ್ಮಿಕರ ಪರ ಎಂದೇ ಹೆಸರಾದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೂಡ 1937ರಲ್ಲಿ ನೌಕರರ ಸಂಘವೊಂದಕ್ಕೆ ಬರೆದ ಪತ್ರದಲ್ಲಿ ಇದೇ ಅನುಮಾನ ಎತ್ತಿದ್ದರು. ಖಾಸಗಿ ಕಂಪನಿಯಲ್ಲಿ ನಡೆಯುವ ಸಾಮೂಹಿಕ ಚೌಕಾಸಿಯನ್ನು, ಅಂದರೆ ಎಲ್ಲ ನೌಕರರ ಪರವಾಗಿ ಯೂನಿಯನ್ ಸಂಬಳ, ಕೆಲಸದ ನಿಯಮಗಳ ಬಗ್ಗೆ ಮಾತಾಡಿ ಒಪ್ಪಂದ ಮಾಡಿಕೊಳ್ಳುವುದನ್ನು, ಹಾಗೆಯೇ ಸರ್ಕಾರಿ ಕೆಲಸಕ್ಕೆ ತರಲಾಗದು ಎಂಬುದು ಅವರ ಮಾತಾಗಿತ್ತು. 1935ರ ವ್ಯಾಗ್ನರ್ ಕಾಯ್ದೆ ಖಾಸಗಿ ಕಾರ್ಮಿಕರಿಗೆ ಆ ಹಕ್ಕು ಕೊಟ್ಟಿತು, ಸರ್ಕಾರಿ ನೌಕರರನ್ನು ಹೊರಗಿಟ್ಟಿತು. ಹಾಗಾಗಿ ಸರ್ಕಾರಿ ಶಾಲೆಯ ಶಿಕ್ಷಕರು, ಆಸ್ಪತ್ರೆಯ ನರ್ಸ್‌ಗಳು, ಕಸ ಎತ್ತುವವರು ಎಲ್ಲರ ವಿಷಯವೂ ಆಯಾ ರಾಜ್ಯದ ಕೈಗೆ ಹೋಯಿತು. 1959ರಲ್ಲಿ ಮೊದಲು ಕಾನೂನು ಮಾಡಿ ಈ ಹಕ್ಕು ಕೊಟ್ಟ ರಾಜ್ಯ ಇದೇ ವಿಸ್ಕಾನ್ಸಿನ್. ಅದೇ ವರ್ಷ ನಾರ್ತ್ ಕ್ಯಾರೊಲಿನಾ ಅಂಥ ಒಪ್ಪಂದ ಯಾವುದೂ ಊರ್ಜಿತವಲ್ಲ ಎಂದು ಕಾನೂನು ಮಾಡಿತು. ಒಂದೇ ದೇಶ, ಒಂದೇ ಕೆಲಸ. ಗಡಿ ದಾಟಿದರೆ ಹಕ್ಕು ಬೇರೆ.

ಈಗ ವಿಸ್ಕಾನ್ಸಿನ್‌ನ 2011ಕ್ಕೆ ಬರೋಣ. ಗವರ್ನರ್ ಸ್ಕಾಟ್ ವಾಕರ್ ತಂದ 'ಆಕ್ಟ್ 10' ನೌಕರರಿಂದ ಪಿಂಚಣಿಗೂ ಆರೋಗ್ಯ ವಿಮೆಗೂ ಹೆಚ್ಚು ಹಣ ಕಟ್ಟಿಸಿಕೊಂಡಿತು. ಸರ್ಕಾರದ ಖರ್ಚು ಉಳಿದದ್ದು ನಿಜ. ಆದರೆ ಉಳಿದದ್ದು ನೌಕರರ ಕೈಗೆ ಬರುತ್ತಿದ್ದ ಸಂಬಳದಿಂದ. ಇನ್ನೊಂದು ಮಾತು ನಿಮ್ಮ ಪತ್ರದಲ್ಲಿ ಬಿಟ್ಟುಹೋಗಿದೆ. ಈ ಹಣದ ಹೊರೆಯನ್ನು ಹೊರಲು ಸಿದ್ಧ, ಚೌಕಾಸಿ ಹಕ್ಕು ಮಾತ್ರ ಉಳಿಸಿ ಎಂದು ದೊಡ್ಡ ಯೂನಿಯನ್‌ಗಳ ಮುಖಂಡರು ಆ ಫೆಬ್ರುವರಿಯಲ್ಲೇ ಹೇಳಿದ್ದರು. ಗವರ್ನರ್ ಒಪ್ಪಲಿಲ್ಲ. ಹಣ ಒಂದೇ ಸಮಸ್ಯೆಯಾಗಿದ್ದರೆ ವಿಷಯ ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ?

ಮುಗಿಯಲಿಲ್ಲ. ಯೂನಿಯನ್ ಇನ್ನು ಮೂಲ ವೇತನದ ಬಗ್ಗೆ ಮಾತ್ರ ಮಾತಾಡಬೇಕು, ಅದೂ ಬೆಲೆ ಏರಿಕೆಯ ಮಿತಿಯೊಳಗೆ. ಕೆಲಸದ ಗಂಟೆ, ವರ್ಗಾವಣೆ, ದೂರು ವಿಚಾರಣೆ ಯಾವುದೂ ಚರ್ಚೆಗೆ ಬರುವಂತಿಲ್ಲ. ಸಂಬಳದಿಂದಲೇ ವಂತಿಗೆ ಕಡಿತ ಮಾಡುವ ಪದ್ಧತಿಯೂ ಹೋಯಿತು. ಪೊಲೀಸರಿಗೆ, ಅಗ್ನಿಶಾಮಕ ಸಿಬ್ಬಂದಿಗೆ ಮಾತ್ರ ವಿನಾಯಿತಿ.

ನನ್ನನ್ನು ಹೆಚ್ಚು ಕೆರಳಿಸುವುದು ಮತ ಎಣಿಕೆಯ ನಿಯಮ. ಯೂನಿಯನ್ ಪ್ರತಿ ವರ್ಷ ಚುನಾವಣೆ ಎದುರಿಸಿ ತನ್ನ ಮಾನ್ಯತೆ ಉಳಿಸಿಕೊಳ್ಳಬೇಕು. ಒಂದು ಘಟಕದಲ್ಲಿ 100 ನೌಕರರಿದ್ದಾರೆ ಅಂದುಕೊಳ್ಳಿ. 60 ಮಂದಿ ಮತ ಹಾಕಿದರು. 50 ಮಂದಿ ಯೂನಿಯನ್ ಬೇಕು ಎಂದರು, 10 ಮಂದಿ ಬೇಡ ಎಂದರು. ಬೇರೆಲ್ಲಾದರೂ ಇದು ಭರ್ಜರಿ ಗೆಲುವು. ಇಲ್ಲಿ ಸೋಲು. ಯಾಕೆಂದರೆ ಹಾಕಿದ ಮತದಲ್ಲಲ್ಲ, ಒಟ್ಟು ನೌಕರರಲ್ಲಿ ನೂರಕ್ಕೆ 51 ಬೇಕು. ರಜೆಯಲ್ಲಿದ್ದವರು, ಮರೆತವರು, ಬೇಸತ್ತವರು ಎಲ್ಲರೂ 'ಬೇಡ' ಎಂದ ಲೆಕ್ಕಕ್ಕೆ ಸೇರುತ್ತಾರೆ. ಇದೇ ಅಳತೆಯಲ್ಲಿ ಎಷ್ಟು ಶಾಸಕರು ಗೆದ್ದು ಬರುತ್ತಾರೆ, ನೀವೇ ಯೋಚಿಸಿ.

ಯೂನಿಯನ್ ರಾಜಕಾರಣಿಗಳ ಚುನಾವಣೆಗೆ ಹಣ ಕೊಡುತ್ತದೆ, ಗೆದ್ದವರೇ ಆಮೇಲೆ ಅದರ ಎದುರು ಚೌಕಾಸಿಗೆ ಕೂರುತ್ತಾರೆ ಎಂಬ ಆಕ್ಷೇಪ ಇದ್ದೇ ಇದೆ. ಅದರಲ್ಲಿ ಹುರುಳಿದೆ. ಸರ್ಕಾರಿ ಕೆಲಸಕ್ಕೆ ಬೇರೆ ನಿಯಮ ಬೇಕು ಎಂಬುದನ್ನೂ ಒಪ್ಪುತ್ತೇನೆ. ನ್ಯೂಯಾರ್ಕ್ ಅಂಥ ದಾರಿ ಹುಡುಕಿತು. 1966ರಲ್ಲಿ ನ್ಯೂಯಾರ್ಕ್ ನಗರದ ಸಾರಿಗೆ ಮುಷ್ಕರವಾದ ಮೇಲೆ, 1967ರಲ್ಲಿ ಟೇಲರ್ ಕಾಯ್ದೆ ಬಂತು. ಚೌಕಾಸಿ ಹಕ್ಕು ಕೊಟ್ಟಿತು, ಮುಷ್ಕರ ನಿಷೇಧಿಸಿತು. ಮುಷ್ಕರ ಮಾಡಿದರೆ ದಿನಕ್ಕೆ ಎರಡು ದಿನದ ಸಂಬಳ ಕಟ್. ಕಠಿಣ ಅನ್ನಿಸಬಹುದು. ಆದರೆ ಅಲ್ಲಿ ಕೂತು ಮಾತಾಡುವ ಜಾಗ ಉಳಿದಿದೆ.

ಆ ಜಾಗವೇ ಇಲ್ಲದಿದ್ದರೆ ಏನಾಗುತ್ತದೆ? ವೆಸ್ಟ್ ವರ್ಜೀನಿಯಾ ನೋಡಿ. ಅಲ್ಲಿನ ಶಿಕ್ಷಕರಿಗೆ ಚೌಕಾಸಿ ಹಕ್ಕಿಲ್ಲ, ಮುಷ್ಕರವೂ ಕಾನೂನುಬಾಹಿರ. ಸಂಬಳ ಕಡಿಮೆ, ಆರೋಗ್ಯ ವಿಮೆಯ ಖರ್ಚು ಜಾಸ್ತಿ. 2018ರ ಫೆಬ್ರುವರಿಯಲ್ಲಿ ಎಲ್ಲ 55 ಕೌಂಟಿಗಳ ಶಾಲೆಗಳೂ ಮುಚ್ಚಿದವು. ಶಾಲೆಯ ಊಟವನ್ನೇ ನಂಬಿದ ಮಕ್ಕಳಿದ್ದಾರೆ ಎಂದು ಗೊತ್ತಿದ್ದ ಶಿಕ್ಷಕರು ಮುಷ್ಕರಕ್ಕೆ ಮುಂಚೆ ಊಟದ ಪೊಟ್ಟಣ ಕಟ್ಟಿ ಹಂಚಿದರು. ಆಮೇಲೆ ರಾಜಧಾನಿ ಚಾರ್ಲ್‌ಸ್ಟನ್‌ನ ಶಾಸನಸಭೆ ಕಟ್ಟಡಕ್ಕೆ ನುಗ್ಗಿದರು. ಒಂಬತ್ತು ದಿನ ಪಾಠ ನಿಂತ ಮೇಲೆ ಶೇ 5ರಷ್ಟು ಸಂಬಳ ಹೆಚ್ಚಾಯಿತು. ಕೂತು ಮಾತಾಡಿದ್ದರೆ ಇಷ್ಟು ದಿನದ ಪಾಠ ಹೋಗುತ್ತಿತ್ತೇ? ನನಗಂತೂ ಹಾಗೆ ಅನ್ನಿಸುವುದಿಲ್ಲ.

ಇನ್ನು, ಜನ ಆರಿಸಿದ ಸರ್ಕಾರ ಎಂಬ ನಿಮ್ಮ ಮಾತು. ಜನರನ್ನೇ ನೇರವಾಗಿ ಕೇಳಿದಾಗ ಏನಾಯಿತು ಎಂಬುದಕ್ಕೂ ಉದಾಹರಣೆ ಇದೆ. 2011ರಲ್ಲೇ ಒಹಾಯೊ ಇಂಥದ್ದೇ ಕಾನೂನು ಮಾಡಿತು, ಪೊಲೀಸರನ್ನೂ ಸೇರಿಸಿ. ಅಲ್ಲಿ ಶಾಸಕಾಂಗದ ಕಾನೂನನ್ನು ಜನಮತಕ್ಕೆ ಎಳೆಯುವ ಅವಕಾಶವಿದೆ. ಅದೇ ನವೆಂಬರ್‌ನಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಅದನ್ನು ಬೇಡ ಎಂದರು. ವಿಸ್ಕಾನ್ಸಿನ್‌ನಲ್ಲಿ ಆ ಅವಕಾಶವಿಲ್ಲ. ಅಲ್ಲಿಯವರು 2012ರಲ್ಲಿ ವಾಕರ್ ಅವರನ್ನೇ ವಾಪಸ್ ಕರೆಸಲು ಚುನಾವಣೆ ನಡೆಸಿದರು. ವಾಕರ್ ಗೆದ್ದರು, ಕಾನೂನು ಉಳಿಯಿತು.

ತೀರಾ ಈಚೆಗೆ, 2025ರ ಫೆಬ್ರುವರಿಯಲ್ಲಿ, ಯೂಟಾ ಸರ್ಕಾರಿ ನೌಕರರ ಚೌಕಾಸಿಯನ್ನೇ ನಿಷೇಧಿಸಿತು. ಜನಮತಕ್ಕಾಗಿ ಸಹಿ ಸಂಗ್ರಹ ನಡೆದಾಗ 2,50,000ಕ್ಕೂ ಹೆಚ್ಚು ಸಹಿಗಳು ಮಾನ್ಯವಾದವು. ಮತದಾನದವರೆಗೂ ಕಾಯದೆ ಶಾಸಕಾಂಗವೇ ಡಿಸೆಂಬರ್‌ನಲ್ಲಿ ಕಾನೂನನ್ನು ಹಿಂತೆಗೆದುಕೊಂಡಿತು. ಸಹಿ ಹಾಕಿದವರೆಲ್ಲ ಯೂನಿಯನ್ ಸದಸ್ಯರಲ್ಲ. ನೀವು ಹೇಳುವ, ತೆರಿಗೆ ಕಟ್ಟುವ ಜನವೂ ಅವರಲ್ಲಿದ್ದರು.

- ಸಂಪಾದಕ