ಆ ಪುಸ್ತಕವನ್ನು ಪೂರ್ತಿ ತೆರೆದಿಡಬೇಡಿ

ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗ ಇರೋ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ಇದನ್ನು ಕೈಬಿಡಬಾರದು, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಓದಿದವರ ಜೀವ ತೆಗೆಯುವ ಮಾಟದ ಪುಸ್ತಕ ನಿಮ್ಮದು. ಚರ್ಮದ ಹೊದಿಕೆ, ರಕ್ತದ ಶಾಯಿ, ತಾನಾಗಿ ಮಗುಚುವ ಹಾಳೆ, ಮೂರು ಪುಟ ಬರೀ ಮಂತ್ರ. ನನಗೆ ಸ್ವಲ್ಪವೂ ಭಯವಾಗಲಿಲ್ಲ. ಎಲ್ಲವನ್ನೂ ನೀವೇ ತೋರಿಸಿಬಿಟ್ಟರೆ ಓದುಗರಿಗೆ ಊಹಿಸಲು ಏನು ಉಳಿಯುತ್ತೆ?

ಅಮೆರಿಕದ ಲೇಖಕ ಲವ್‌ಕ್ರಾಫ್ಟ್ ತನ್ನ ಕಥೆಗಳಿಗಾಗಿ ನೆಕ್ರೋನಾಮಿಕಾನ್ ಎಂಬ ಮಾಟದ ಗ್ರಂಥ ಹುಟ್ಟಿಸಿದ. ಆ ಗ್ರಂಥವನ್ನು ಅವನು ಬರೆಯಲೇ ಇಲ್ಲ. ಅಲ್ಲಿಷ್ಟು ಇಲ್ಲಿಷ್ಟು ಸಾಲು, ಅಷ್ಟೇ. ಬರೆದದ್ದು ಅದರ ಕಲ್ಪಿತ ಚರಿತ್ರೆಯನ್ನು, 1927ರಲ್ಲಿ. 950ರಲ್ಲಿ ಗ್ರೀಕ್ ಅನುವಾದ, 1228ರಲ್ಲಿ ಲ್ಯಾಟಿನ್, ಯಾವ ಪ್ರತಿ ಯಾವ ಲೈಬ್ರರಿಯಲ್ಲಿದೆ ಅನ್ನೋದೂ ಸೇರಿ. ಬ್ರಿಟಿಷ್ ಮ್ಯೂಸಿಯಂ, ಹಾರ್ವರ್ಡ್ ಹೆಸರುಗಳ ಪಕ್ಕದಲ್ಲೇ ತಾನು ಕಲ್ಪಿಸಿದ ಮಿಸ್ಕಟಾನಿಕ್ ವಿಶ್ವವಿದ್ಯಾಲಯವನ್ನೂ ಕೂರಿಸಿದ. ಇಂಗ್ಲಿಷಿಗೆ ತಂದವನು ಜಾನ್ ಡೀ ಎಂದ. ಡೀ 16ನೇ ಶತಮಾನದಲ್ಲಿ ನಿಜವಾಗಿ ಬದುಕಿದ್ದ ವಿದ್ವಾಂಸ!

'ದಿ ಡನ್‌ವಿಚ್ ಹಾರರ್' ಎಂಬ ಅವನ ಕಥೆಯಲ್ಲಿ ವಿಲ್ಬರ್ ಎಂಬುವನು ಮಿಸ್ಕಟಾನಿಕ್ ಲೈಬ್ರರಿಗೆ ಬರುತ್ತಾನೆ. ಅವನ ಮನೆಯಲ್ಲಿರುವ ನೆಕ್ರೋನಾಮಿಕಾನ್ ಪ್ರತಿಯಲ್ಲಿ 751ನೇ ಪುಟಕ್ಕೆ ಬರಬೇಕಾದ ಭಾಗ ಇಲ್ಲ. ಅದನ್ನು ಲ್ಯಾಟಿನ್ ಪ್ರತಿಯಲ್ಲಿ ಹುಡುಕುತ್ತಾನೆ. ಲೈಬ್ರರಿಯನ್ ಅವನ ಹೆಗಲ ಮೇಲಿಂದ ಇಣುಕಿ ಓದುತ್ತಾನೆ. ಆ 751 ಅನ್ನೋ ಅಂಕಿ ಕಂಡ ಕೂಡಲೇ ಉಳಿದ 750 ಪುಟಗಳೂ ಎಲ್ಲೋ ಇವೆ ಅಂತ ನಾವು ನಂಬಿಬಿಡುತ್ತೇವೆ, ಅಲ್ವಾ?

ನಿಮ್ಮಲ್ಲೂ ಅಂಥ ಜಾಗ ಒಂದಿದೆ. ಲೈಬ್ರರಿಯ ಹಳೇ ದಾಖಲೆಯಲ್ಲಿ ಪುಸ್ತಕದ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ 'ವಾಪಸು ಬಂದಿಲ್ಲ' ಎಂದು ಬರೆದಿರುತ್ತದೆ. ಅಲ್ಲಿ ನನ್ನ ಮೈ ಜುಮ್ಮೆಂದಿತು. ನೀವು ಎರಡೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಕಥೆ ಅಲ್ಲಿಂದಲೇ ಶುರುವಾಗಲಿ. ಹೊಡೆದುಹಾಕಿದ್ದು ಯಾರು, ಪುಸ್ತಕ ಒಯ್ದವರ ಹೆಸರು ಯಾಕಿಲ್ಲ, ಅದನ್ನು ಹಿಡಿದು ಹೋಗಿ.

ಇನ್ನು ಮುನ್ನುಡಿ. 'ಇದು ನಿಜವಾದ ಗ್ರಂಥ, ನಮ್ಮ ಮನೆಯಲ್ಲಿತ್ತು' ಎಂದಿದ್ದೀರಿ. ನನಗೆ ಬರೆದ ಪತ್ರದಲ್ಲಿ ಎಲ್ಲ ಕಲ್ಪನೆ ಎಂದಿದ್ದೀರಿ. ಮುನ್ನುಡಿ ಬೇಡವೇ ಬೇಡ. ಕಥೆಯೊಳಗೆ ಎಷ್ಟು ಬೇಕಾದರೂ ನಂಬಿಸಿ, ಹೊರಗೆ ಬೇಡ. ನೆಕ್ರೋನಾಮಿಕಾನ್ ನಿಜವೇ ಎಂದು ಕೇಳಿದವರಿಗೆ ಲವ್‌ಕ್ರಾಫ್ಟ್ 'ನಾನೇ ಕಲ್ಪಿಸಿದ್ದು' ಎಂದು ಪತ್ರ ಬರೆದು ತಿಳಿಸುತ್ತಿದ್ದ. ಅವನು ತೀರಿಕೊಂಡದ್ದು 1937ರಲ್ಲಿ. 1977ರಲ್ಲಿ ಸೈಮನ್ ಎಂಬ ಗುಪ್ತನಾಮದಲ್ಲಿ ಅದೇ ಹೆಸರಿನ ಪುಸ್ತಕ ಮಾರುಕಟ್ಟೆಗೆ ಬಂತು. ಅದನ್ನು ಹಿಡಿದು ನಿಜವಾಗಿಯೇ ಪೂಜೆ, ಆವಾಹನೆ ಮಾಡುವವರಿದ್ದಾರೆ. ನಾಳೆ ತುಂಬಾ ಕಷ್ಟದಲ್ಲಿರುವ ಯಾರೋ ಒಬ್ಬರು ನಿಮ್ಮ ಮಂತ್ರ ನಂಬಿ ರಾತ್ರಿಯೆಲ್ಲ ಕೂತರೆ? ನನಗೆ ಅದು ಬೇಡ. ನಿಮಗೂ ಬೇಡ ಅಂದುಕೊಂಡಿದ್ದೇನೆ.

ಮಂತ್ರದ ಮೂರು ಪುಟ ತೆಗೆದು, ಆ ಕೆಂಪು ಗೆರೆಯಿಂದ ಶುರು ಮಾಡಿ ಮತ್ತೆ ಬರೆಯಿರಿ. ನನ್ನ ಹೆಸರಿಗೇ ಕಳಿಸಿ, ನಾನೇ ಓದುತ್ತೇನೆ.