ದ್ರಾಕ್ಷಿ ರಸದಲ್ಲಿ ಮೀನು ಎಲ್ಲಿಂದ ಬಂತು?

ಗೆಳೆಯನ ಮಾತು ಕೇಳಿ, ಮದುವೆ ವಾರ್ಷಿಕೋತ್ಸವಕ್ಕೆ ಯಾರೋ ಕೊಟ್ಟ ಕೆಂಪು ವೈನ್ ಕುಡಿಯಬಹುದೇ ಅಂತ ಬರೆದಿದ್ದೀರಿ. ನಿಮ್ಮ ಗೆಳೆಯ ಹೇಳಿದ್ದು ಸುಳ್ಳಲ್ಲ. ಆರು ತಿಂಗಳಿಂದ ಹಾಲು, ತುಪ್ಪ ಎಲ್ಲಾ ಬಿಟ್ಟವರಿಗೆ "ವೈನ್‌ಗೂ ಮೀನು ಹಾಕ್ತಾರೆ" ಅಂದರೆ ತಲೆ ಕೆಡದೆ ಇರುತ್ತದೆಯೇ? ನಾನು ವೀಗನ್ ಆಗಿ, ಅಂದರೆ ಪ್ರಾಣಿಗಳಿಂದ ಬರುವುದೆಲ್ಲವನ್ನೂ ಬಿಟ್ಟು, ನಾಲ್ಕು ವರ್ಷವಾಯಿತು. ಮೊದಲ ಎರಡು ವರ್ಷ, ದ್ರಾಕ್ಷಿ ತಾನೇ ಅಂತ ಆರಾಮಾಗಿ ಕುಡಿದಿದ್ದೇನೆ.

ಹೊಸ ವೈನ್ ಮಬ್ಬಾಗಿರುತ್ತದೆ. ಯೀಸ್ಟಿನ ಚೂರು, ದ್ರಾಕ್ಷಿಯ ಪ್ರೋಟೀನ್, ಒಗರು ಕೊಡುವ ಟ್ಯಾನಿನ್ ಎಲ್ಲಾ ಅದರಲ್ಲಿರುತ್ತವೆ. ತಿಂಗಳುಗಟ್ಟಲೆ ಸುಮ್ನೆ ಬಿಟ್ಟರೆ ಬಹುಪಾಲು ತಾನಾಗಿ ತಳ ಸೇರುತ್ತದೆ. ಅಷ್ಟು ಕಾಯಲಾಗದವರು, ಒಗರು ತಗ್ಗಿಸಬೇಕೆನ್ನುವವರು ಏನನ್ನಾದರೂ ಹಾಕಿ ತಿಳಿ ಮಾಡುತ್ತಾರೆ. ಇದೇ ಫೈನಿಂಗ್. ಜಾಮೂನಿನ ಪಾಕಕ್ಕೆ ಅಮ್ಮ ಒಂದು ಚಮಚ ಹಾಲು ಹಾಕಿ, ಮೇಲೆ ಬಂದ ಕೊಳೆ ನೊರೆಯನ್ನು ಸೌಟಿನಲ್ಲಿ ತೆಗೆಯುವುದನ್ನು ನೋಡಿರುತ್ತೀರಿ. ಅದೇ ಕೆಲಸ. ಪಾಕದಲ್ಲಿ ಕೊಳೆ ತೇಲುತ್ತದೆ, ವೈನ್‌ನಲ್ಲಿ ತಳಕ್ಕೆ ಕೂರುತ್ತದೆ.

ಹಾಕುವುದು ಏನನ್ನು ಅನ್ನುವುದೇ ನಮ್ಮ ತಲೆನೋವು. ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನಾದ ಕೇಸಿನ್, ಪ್ರಾಣಿಗಳ ಚರ್ಮ ಮೂಳೆಯಿಂದ ಬರುವ ಜೆಲಾಟಿನ್, ಮೀನಿನ ಗಾಳಿಚೀಲದ ಐಸಿಂಗ್ಲಾಸ್. ಫ್ರಾನ್ಸಿನ ಬೋರ್ಡೋದಲ್ಲಿ 225 ಲೀಟರಿನ ಪೀಪಾಯಿಗೆ ನಾಲ್ಕೈದು ಮೊಟ್ಟೆಯ ಬಿಳಿ ಹಾಕುವುದು ಹಳೆಯ ರೂಢಿ. ಅಂದರೆ 300 ಬಾಟಲಿಗೆ ನಾಲ್ಕೈದು ಮೊಟ್ಟೆ. ಗಸಿಯ ಜೊತೆ ಅದೂ ಹೊರಗೆ ಹೋಗುವುದರಿಂದ ಗ್ಲಾಸಿನಲ್ಲಿ ಉಳಿಯುವುದು ಲೆಕ್ಕಕ್ಕೇ ಇಲ್ಲ. ಆದರೆ ನಮ್ಮ ತಕರಾರು ಉಳಿದದ್ದರ ಬಗ್ಗೆ ಅಲ್ಲ, ಬಳಸಿದ್ದರ ಬಗ್ಗೆ ಅಲ್ವಾ?

ಇದೇ ಕೆಲಸಕ್ಕೆ ಬೆಂಟೊನೈಟ್ ಅನ್ನುವ ಜೇಡಿಮಣ್ಣು, ಇದ್ದಿಲು, ಬಟಾಣಿ ಅಥವಾ ಆಲೂಗಡ್ಡೆಯ ಪ್ರೋಟೀನ್ ಕೂಡ ಆಗುತ್ತದೆ. ನಮ್ಮ ಆಲೆಮನೆಗಳಲ್ಲಿ ಕಬ್ಬಿನ ಹಾಲು ತಿಳಿಯಾಗಲು ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರಲ್ಲ, ಅದಕ್ಕಿಂತ ಒಳ್ಳೆ ವೀಗನ್ ಫೈನಿಂಗ್ ಬೇಕೆ!

ಒಮ್ಮೆ ಬೆಂಗಳೂರಿನ ಹತ್ತಿರದ ಒಂದು ವೈನರಿಗೆ ಹೋಗಿದ್ದೆ. ರುಚಿ ತೋರಿಸುತ್ತಿದ್ದ ಹುಡುಗನನ್ನು ಕೇಳಿದರೆ, "ಸರ್, ದ್ರಾಕ್ಷಿ ಸರ್, ಪ್ಯೂರ್ ವೆಜ್" ಎಂದ. ನಾನು ಬಿಡಲಿಲ್ಲ. "ತಿಳಿ ಮಾಡೋಕೆ ಏನು ಹಾಕ್ತೀರಿ?" ಎಂದೆ. ಅವನು ಒಳಗೆ ಹೋಗಿ ವೈನ್ ಮಾಡುವವರನ್ನೇ ಕರೆತಂದ. ಅವರು ನಕ್ಕು, ಬಿಳಿಗೆ ಬೆಂಟೊನೈಟ್, ಪೀಪಾಯಿಯಲ್ಲಿಟ್ಟ ದುಬಾರಿ ಕೆಂಪಿಗೆ ಮಾತ್ರ ಮೊಟ್ಟೆ ಎಂದರು. ನನ್ನ ಕೈಲಿದ್ದದ್ದು ಆ ಕೆಂಪೇ. ಮೆಲ್ಲಗೆ ಕೆಳಗಿಟ್ಟೆ. ಅವತ್ತಿನಿಂದ "ಇದು ವೀಗನ್ನಾ?" ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. ತಿಳಿ ಮಾಡಲು ಏನು ಹಾಕಿದ್ದೀರಿ, ಅದೊಂದೇ ಪ್ರಶ್ನೆ.

ಲೇಬಲ್ ನಂಬಿ ಕೂರಬೇಡಿ. ಬಿಸ್ಕತ್ ಪ್ಯಾಕಿನ ಮೇಲಿರುವ ಹಸಿರು ಚುಕ್ಕಿಯ ನಿಯಮದಿಂದ ನಮ್ಮಲ್ಲಿ ಮದ್ಯಕ್ಕೆ ವಿನಾಯಿತಿ ಇದೆ. ಯುರೋಪಿನ ಬಾಟಲಿಗಳ ಮೇಲೆ 2012ರಿಂದ ಮೊಟ್ಟೆ, ಹಾಲು ಉಳಿದಿದ್ದರೆ ಬರೆಯಬೇಕು. ಪತ್ತೆಯಾಗದಷ್ಟು ಕಡಿಮೆಯಿದ್ದರೆ ಬೇಡ, ಮೀನಿನ ಐಸಿಂಗ್ಲಾಸ್‌ಗಂತೂ ಬೇಡವೇ ಬೇಡ. ಆರ್ಗ್ಯಾನಿಕ್ ಅಂತ ಇದ್ದ ಮಾತ್ರಕ್ಕೆ ವೀಗನ್ ಅಂತಲ್ಲ. ಆರ್ಗ್ಯಾನಿಕ್ ಮೊಟ್ಟೆ ಹಾಕಿರಬಹುದು. ಬಾಟಲಿಯ ಹಿಂಬದಿಯಲ್ಲಿ "ಅನ್‌ಫೈನ್ಡ್", ಅಂದರೆ ಫೈನಿಂಗ್ ಮಾಡಿಲ್ಲ, ಅಂತ ಇದ್ದರೆ ಧೈರ್ಯವಾಗಿ ಕೊಳ್ಳಿ. "ಅನ್‌ಫಿಲ್ಟರ್ಡ್" ಬೇರೆ, ಅದು ಸೋಸಿಲ್ಲ ಅಂತ ಹೇಳುತ್ತದೆಯೇ ಹೊರತು ಏನೂ ಹಾಕಿಲ್ಲ ಅಂತಲ್ಲ. ಬ್ರಿಟನ್ನಿನ ವೀಗನ್ ಸೊಸೈಟಿ ಅನ್ನುವ ಸಂಸ್ಥೆಯ ಸೂರ್ಯಕಾಂತಿ ಗುರುತು, ಯುರೋಪಿನ ವಿ-ಲೇಬಲ್ ಅನ್ನುವ ಗುರುತಿನಲ್ಲಿ ವೀಗನ್ ಅಂತ ಬರೆದದ್ದು, ಎರಡೂ ಸರಿ.

ಬಾರ್ನಿವೋರ್ ಅನ್ನುವ ಜಾಲತಾಣದಲ್ಲಿ ಜನ ಕಂಪನಿಗಳಿಗೆ ಬರೆದು, ಬಂದ ಉತ್ತರ ಹಾಕುತ್ತಾರೆ. ಅಂಗಡಿಯಲ್ಲೇ ನಿಂತು ಹುಡುಕಬಹುದು. ಉತ್ತರದ ತಾರೀಖು ನೋಡಿ, ಯಾಕೆಂದರೆ ಒಂದು ವರ್ಷದ ಪದ್ಧತಿ ಇನ್ನೊಂದು ವರ್ಷ ಇರಬೇಕೆಂದಿಲ್ಲ.

ಇನ್ನು ಮದುವೆ ವಾರ್ಷಿಕೋತ್ಸವಕ್ಕೆ ಯಾರೋ ಕೊಟ್ಟ ಆ ಕೆಂಪು ವೈನ್. ಹಿಂಬದಿಯಲ್ಲಿರುವ ವಿಳಾಸಕ್ಕೆ ಒಂದು ಮೇಲ್ ಹಾಕಿ. ಬಾಟಲಿಯ ಹೆಸರು, ವರ್ಷ ಬರೆದು, ಮೊಟ್ಟೆ, ಹಾಲು, ಜೆಲಾಟಿನ್, ಐಸಿಂಗ್ಲಾಸ್ ನಾಲ್ಕನ್ನೂ ಹೆಸರಿಟ್ಟು ಕೇಳಿ. ಬರೀ "ವೆಜ್ಜಾ" ಅಂದರೆ ಹಾಲು ಹಾಕಿದವರೂ ಹೌದು ಅಂತಾರೆ. ನನಗೆ ಸಾಮಾನ್ಯವಾಗಿ ವಾರದೊಳಗೆ ಉತ್ತರ ಬಂದಿದೆ. ಅಲ್ಲಿವರೆಗೆ ಬಿರಡೆ ತೆಗೆಯಬೇಡಿ. ಮೊಟ್ಟೆ ಅಂತ ಬಂದರೆ, ಸುದ್ದಿ ತಂದ ಗೆಳೆಯನಿಗೇ ಕೊಟ್ಟುಬಿಡಿ.