ಕಪ್ಪು ಬಾಕ್ಸ್ ಎಳೆದ್ರೆ ರಿಡ್ಯಾಕ್ಟ್ ಆಗಲ್ಲ
ಬ್ರೋಕರ್‌ಗೆ ಕಳಿಸೋ ಪಿಡಿಎಫ್‌ನಲ್ಲಿ ಆಧಾರ್ ನಂಬರ್ ಮೇಲೆ ಕಪ್ಪು ಬಾಕ್ಸ್ ಎಳೆದ್ರೆ ರಿಡ್ಯಾಕ್ಟ್ ಆದಂಗಾ ಅಂತ ಕೇಳಿದ್ರಲ್ಲ, ಇಲ್ಲ ಸರ್. ರಿಡ್ಯಾಕ್ಟ್ ಅಂದ್ರೆ ಬೇರೆಯವ್ರು ನೋಡಬಾರದ ಭಾಗಾನ ಓದೋಕೇ ಆಗದ ಹಾಗೆ ತೆಗೆದು ಮಿಕ್ಕಿದ್ದು ಕೊಡೋದು, ಆರ್‌ಟಿಐ ಕಾಯ್ದೆ ಸೆಕ್ಷನ್ 10ರಲ್ಲಿ ಮಾಹಿತಿ ಬೇರ್ಪಡಿಸಿ ಕೊಡೋದು ಅಂತ ಇರೋದೂ ಇದೇ. ನೀವು ಎಳೆದ ಬಾಕ್ಸ್ ಕೆಳಗೆ ನಂಬರ್ ಹಾಗೇ ಕೂತಿರುತ್ತೆ, ಸ್ಕ್ಯಾನ್ ಫೋಟೋ ಅಲ್ಲದೆ ಅಕ್ಷರ ಸೆಲೆಕ್ಟ್ ಆಗೋ ಪಿಡಿಎಫ್ ಆದ್ರೆ, ಸೆಲೆಕ್ಟ್ ಮಾಡಿ ಕಾಪಿ ಹೊಡೆದು ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿದ್ರೆ ಪೂರ್ತಿ ಬಂದ್ಬಿಡುತ್ತೆ, 2019ರ ಜನವರಿಲಿ ಅಮೆರಿಕದಲ್ಲಿ ಟ್ರಂಪ್ ಚುನಾವಣಾ ಪ್ರಚಾರದ ಮಾಜಿ ಮುಖ್ಯಸ್ಥ ಪಾಲ್ ಮಾನಫೋರ್ಟ್ ವಕೀಲರು ಕೋರ್ಟಿಗೆ ಕೊಟ್ಟ ಪಿಡಿಎಫ್‌ನಲ್ಲೂ ಹಿಂಗೇ ಆಗಿ ಮುಚ್ಚಿದ್ದೆಲ್ಲ ಪತ್ರಕರ್ತರಿಗೆ ಸಿಕ್ತು. ಆಧಾರ್‌ಗಾದ್ರೆ ಆಧಾರ್ ಕೊಡೋ ಸಂಸ್ಥೆ ಯುಐಡಿಎಐ ಸೈಟಲ್ಲೇ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡ್ಕೊಳ್ಳಿ, ಕೊನೇ 4 ಅಂಕಿ ಮಾತ್ರ ಕಾಣುತ್ತೆ. ಪೂರ್ತಿ ನಂಬರ್ ಇರೋ ಕಾಪಿ ವಾಟ್ಸಾಪಲ್ಲಿ ಕಳಿಸ್ಲೇಬೇಡಿ ದಯವಿಟ್ಟು.